ಲೋಪನ್: ಒಂದು ಡಚ್ ಕ್ರಿಯಾಪದವನ್ನು ಬಾಲದಿಂದ ಹಿಡಿದದ್ದು

ಡಚ್ ವಾಕ್ಯವನ್ನು ಕನ್ನಡದವರು ಕೊನೆಯಿಂದ ಕಟ್ಟಬೇಕು. ಮೊದಲು ಕ್ರಿಯಾಪದವನ್ನು ಕೊನೆಯಲ್ಲಿಟ್ಟು ಅಧೀನ ವಾಕ್ಯ ('...ಅಂತ' ಎಂದು ಇನ್ನೊಂದು ವಾಕ್ಯಕ್ಕೆ ಜೋತುಬೀಳುವಂಥದ್ದು) ಬರೆಯಿರಿ. ಅದು ಸರಿಯಾಗಿ ಕೂತ ಮೇಲೆ ಕ್ರಿಯಾಪದವೊಂದನ್ನೇ ಎತ್ತಿ ಎರಡನೇ ಜಾಗಕ್ಕೆ ತನ್ನಿ. ನಾನು ಇದನ್ನು ಹೇಳೋಕೆ ಶುರು ಮಾಡಿದಾಗ ಯಾರೂ ಒಪ್ಪಲಿಲ್ಲ. "ಅಧೀನ ವಾಕ್ಯ ಬಿ1 (ಮಧ್ಯಮ ಹಂತ) ಪಾಠ, ಎ1ನಲ್ಲೇ (ಮೊದಲ ಹಂತ) ಕೈ ಹಾಕಿದ್ರೆ ಮುಳುಗ್ತೀರಿ" ಅಂತ ಕಲಿಸುವವರು. "ಇಂಗ್ಲಿಷ್ ಬಂದ್ರೆ ಡಚ್ ಅರ್ಧ ಬಂದ ಹಾಗೇ, ಇದೇನ್ರೀ ಹೊಸ ಸರ್ಕಸ್ಸು" ಅಂತ ಐಂಡ್‌ಹೋವನ್ (ನೆದರ್ಲೆಂಡ್ಸಿನ ಒಂದು ಊರು) ಕಡೆಯ ನಮ್ಮವರೇ. ಈಗ ಅದೇ ಜನ ನನ್ನ ನೆನಪಿನ ಕಾರ್ಡುಗಳ (ಫ್ಲ್ಯಾಷ್ ಕಾರ್ಡ್) ಫೈಲು ಕಳಿಸಿ ಅಂತಾರೆ. ಒಬ್ಬೊಬ್ಬರಿಗೂ ವಿವರಿಸೋ ಬದಲು ಇಲ್ಲಿ ಬರೆದಿಡ್ತೀನಿ.

ಉದಾಹರಣೆಗೆ ಒಂದೇ ಕ್ರಿಯಾಪದ ತಗೊಂಡಿದೀನಿ: ಲೋಪನ್. ಅರ್ಥ ನಡೆ. ನಮ್ಮ 'ನಡೆ' ಥರಾನೇ ಇದೂ ಕಾಲಿನ ಕೆಲಸಕ್ಕಷ್ಟೇ ನಿಲ್ಲಲ್ಲ. ಗಡಿಯಾರ, ಮೂಗು, ನಲ್ಲಿ, ಕರಾರು, ಮೀಟಿಂಗು ಎಲ್ಲವೂ ಲೋಪನ್ ಮಾಡುತ್ತವೆ. ರೂಪಗಳೂ ಒಳ್ಳೆ ಪಾಠ. ಭೂತಕಾಲದಲ್ಲಿ ಸ್ವರ ಬದಲಾಗುತ್ತೆ, ಸಹಾಯಕ ಕ್ರಿಯಾಪದ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತೆ, ಉಪಸರ್ಗಗಳು ಅಂಟಿಯೂ ಬರುತ್ತವೆ, ಬಿಟ್ಟೂ ಹೋಗುತ್ತವೆ. ಇದೊಂದನ್ನು ತಳದವರೆಗೂ ಅಗೆದರೆ ಉಳಿದ ಕ್ರಿಯಾಪದಗಳಿಗೆ ದಾರಿ ಸುಲಭ.

ಬರವಣಿಗೆಯ ಬಗ್ಗೆ ಮೊದಲೇ ಒಂದು ಮಾತು. ಡಚ್ ಪದಗಳನ್ನು ನಾನು ಟ, ಡ ಬಿಟ್ಟು ತ, ದ ಹಾಕಿ ಬರೀತೀನಿ. ಡಚ್ಚರ ನಾಲಿಗೆ ಹಲ್ಲಿನ ಬುಡಕ್ಕೆ ತಾಗುತ್ತೆ. ಅವರ ಕ, ತ, ಪಗಳಲ್ಲಿ ಇಂಗ್ಲಿಷಿನ ಹಾಗೆ ಉಸಿರು ಊದುವುದೂ ಇಲ್ಲ. ಈ ವಿಷಯದಲ್ಲಿ ನಾವು ಹುಟ್ಟಾ ಡಚ್ಚರು. ಇಂಗ್ಲಿಷ್ ಶಾಲೆಯ 'ಟ' ಬಾಯಿಗೆ ಬಂದರೆ ಮಾತ್ರ ಕೆಡುತ್ತೆ. 'ಖ' ಅಂತ ಬರೆದದ್ದೆಲ್ಲ ಗಂಟಲಿನಿಂದ ಉಜ್ಜಿಕೊಂಡು ಬರುವ ಖ. ಐಂಡ್‌ಹೋವನ್ ಇರುವ ದಕ್ಷಿಣದಲ್ಲಿ ಅದು ಮೆತ್ತಗೆ, ಉತ್ತರದಲ್ಲಿ ಒರಟು. ಇನ್ನು 'ಲೋಪನ್' ಕೊನೆಯ ನ್ ಬರೆಯೋದಕ್ಕೆ ಮಾತ್ರ ಇರೋದು, ನೆದರ್ಲೆಂಡ್ಸ್‌ನ ಬಹುಪಾಲು ಕಡೆ ಮಾತಿನಲ್ಲಿ 'ಲೋಪ' ಅಂತಲೇ ಕೇಳಿಸುತ್ತೆ. ವ್ಯಾಕರಣ ಓದಿದ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆ ಜ್ಞಾಪಕಸೂತ್ರ ಸಿಗಲ್ಲ: ಲೋಪನ್‌ನಲ್ಲಿ ನಕಾರ ಲೋಪ.

ರೂಪಗಳು ಹೀಗೆ. ವರ್ತಮಾನ: ಇಕ್ ಲೋಪ್, ಯೈ ಲೋಪ್ತ್, ಹೈ ಲೋಪ್ತ್, ಬಹುವಚನ ಮೂರಕ್ಕೂ (ವೈ, ಯುಲಿ, ಜ಼ೈ) ಲೋಪನ್. ಪ್ರಶ್ನೆಯಲ್ಲಿ 'ನೀನು' ಕ್ರಿಯಾಪದದ ಹಿಂದೆ ಹೋದರೆ ತ್ ಉದುರುತ್ತೆ: ಲೋಪ್ ಯೈ? 'ಅವನು' ಹಿಂದೆ ಹೋದರೆ ಉದುರಲ್ಲ: ಲೋಪ್ತ್ ಹೈ? ಭೂತಕಾಲ: ಏಕವಚನ ಲೀಪ್, ಬಹುವಚನ ಲೀಪನ್. ಕೃದಂತ: ಖಲೋಪನ್. ಆಜ್ಞೆ: ಲೋಪ್! ಕಾಗುಣಿತದಲ್ಲಿ ಲೋಪ್‌ಗೆ ಎರಡು ಓ, ಲೋಪನ್‌ಗೆ ಒಂದೇ ಓ. ಸಿಲಬಲ್ (ಉಚ್ಚಾರದ ತುಂಡು) ವ್ಯಂಜನದಲ್ಲಿ ಮುಚ್ಚಿಕೊಂಡರೆ ಎರಡು, ತೆರೆದಿದ್ದರೆ ಒಂದು. ಲೀಪ್‌ನ ಸ್ವರಕ್ಕೆ ಈ ಗೊಡವೆ ಇಲ್ಲ, ಅದು ಎಲ್ಲೇ ಇದ್ದರೂ ಎರಡಕ್ಷರದ್ದೇ.

'ಲೀಪ್' ಅಂತ ದೀರ್ಘ ಹಾಕಿ ಬರೆದರೂ ಎಳೆದು ಹೇಳಬೇಡಿ. ಗುಣದಲ್ಲಿ ಅದು ನಮ್ಮ ಈ, ಅಳತೆಯಲ್ಲಿ ನಮ್ಮ ಇ. ಹಾಗಂತ ಬಾಯಿ ಸಡಿಲ ಬಿಟ್ಟು 'ಲಿಪ್' ಅಂದರೆ ತುಟಿ ಅಂತಾಗುತ್ತೆ. ತುಟಿ ಎರಡೂ ಕಡೆ ಬಿಗಿಯಾಗಿ ಎಳೆದಿರಬೇಕು, ಆದರೆ ಬೇಗ ಮುಗಿಸಬೇಕು. ನಾಗರಿಕತ್ವಕ್ಕೆ ಕಟ್ಟುವ ಡಚ್ ಪರೀಕ್ಷೆಯಲ್ಲಿ ಯಂತ್ರದೆದುರು ಮಾತಾಡುವಾಗ ಇಲ್ಲೇ ಮೊದಲು ಎಡವೋದು.

ಇನ್ನೊಂದು ಗುಂಡಿ ಪ್ರಾಸದ್ದು. ಲೋಪನ್, ಕೋಪನ್ (ಕೊಳ್ಳು), ಹೋಪನ್ (ಆಶಿಸು) ಮೂರೂ ಒಂದೇ ಅಚ್ಚಿನವು ಅಂತ ಕಿವಿ ಹೇಳುತ್ತೆ. ಭೂತಕಾಲಕ್ಕೆ ಹೋದರೆ ಮೂರೂ ಮೂರು ದಿಕ್ಕು: ಲೀಪ್, ಕೊಖ್ತ್, ಹೋಪ್ತ. ಕೃದಂತ ಖಲೋಪನ್, ಖಕೊಖ್ತ್, ಖಹೋಪ್ತ್. ಅಕಾರಾದಿ ಪಟ್ಟಿಯಲ್ಲಿ ಇವು ಬೇರೆ ಬೇರೆ ಪುಟದಲ್ಲಿರುತ್ತವೆ, ಹಾಗಾಗಿ ಈ ಜಗಳ ಕಣ್ಣಿಗೇ ಬೀಳಲ್ಲ. ನಾನು ಮೂರನ್ನೂ ಒಂದೇ ಕಾರ್ಡಿನಲ್ಲಿ ಹಾಕಿದೆ, ತಕರಾರು ಮುಗೀತು. ಗೊಂದಲ ಆಗುವಂಥವನ್ನು ದೂರ ದೂರ ಇಡಬೇಕು ಅನ್ನೋ ಬುದ್ಧಿವಾದ ಈ ಮೂರಕ್ಕೆ ಅನ್ವಯಿಸಲ್ಲ.

ಲೋಪನ್‌ನ ನಿಜವಾದ ದಾಯಾದಿಗಳು ಬೇರೆ. ರೂಪನ್–ರೀಪ್–ಖರೂಪನ್ (ಕೂಗು), ಸ್ಲಾಪನ್–ಸ್ಲೀಪ್–ಖಸ್ಲಾಪನ್ (ಮಲಗು), ಲಾತನ್–ಲೀತ್–ಖಲಾತನ್ (ಬಿಡು), ವಾಲನ್–ವೀಲ್–ಖವಾಲನ್ (ಬೀಳು), ಬ್ಲಾಜ಼ನ್–ಬ್ಲೀಸ್–ಖಬ್ಲಾಜ಼ನ್ (ಊದು), ಹೌದನ್–ಹೀಲ್ತ್–ಖಹೌದನ್ (ಹಿಡಿ). ಸೂತ್ರ ಕಣ್ಣಿಗೆ ಕಾಣುತ್ತೆ: ಮೊದಲಿನದು ಮತ್ತು ಕೊನೆಯದು ಒಂದೇ ಸ್ವರ, ನಡುವೆ ಮಾತ್ರ ಈ. ಹಾಂಗನ್–ಹಿಂಗ್ (ತೂಗು), ವಾಂಗನ್–ವಿಂಗ್ (ಹಿಡಿ), ಖಾನ್–ಖಿಂಗ್ (ಹೋಗು) ಇವೂ ಇದೇ ಮನೆಯವು, ಸ್ವರ ಸ್ವಲ್ಪ ಕುಗ್ಗಿದೆ ಅಷ್ಟೆ. ಒಂದೇ ಗುಂಪು, ಹತ್ತು ಕ್ರಿಯಾಪದ, ದಿನಾ ಬಳಕೆಯವು. ಇಷ್ಟಕ್ಕೆ ಪುಸ್ತಕದ ಹಿಂಭಾಗದ ಪಟ್ಟಿಯಲ್ಲಿ ಎಷ್ಟು ಪುಟ ತಿರುಗಿಸಬೇಕು ಅಂತ ನೋಡಿ.

ಈಗ ವಿಧಾನಕ್ಕೆ ಬರೋಣ. ಕಾರ್ಡಿನ ಮುಂಭಾಗದಲ್ಲಿ ಆಡುಮಾತಿನ ಪೂರ್ತಿ ಕನ್ನಡ ವಾಕ್ಯ ಇರಬೇಕು. 'ನಡೆ' ಅಂತ ಒಂಟಿ ಪದ ಬರೆದರೆ ಕಾರ್ಡು ಸತ್ತ ಹಾಗೆ, ಯಾವ ನಡೆ ಅಂತ ತಲೆಗೆ ಗೊತ್ತಾಗಲ್ಲ. ಇಂಗ್ಲಿಷ್ ಅಂತೂ ಬೇಡವೇ ಬೇಡ, ಅದು ಪದಕ್ರಮದ ಸಮೇತ ಒಳಗೆ ಬರುತ್ತೆ. ಬರೆಯಿರಿ: "ಅವನು ದಿನಾ ಆಫೀಸಿಗೆ ನಡ್ಕೊಂಡು ಹೋಗ್ತಾನೆ (ಅಂತ)". ಹಿಂಭಾಗದಲ್ಲಿ ಮೊದಲ ಸಾಲು: ದಾತ್ ಹೈ ಎಲ್ಕ ದಾಖ್ ನಾರ್ ಕಾನ್ತೋರ್ ಲೋಪ್ತ್. ಅಂದರೆ: ಅಂತ, ಅವನು, ದಿನಾ, ಆಫೀಸಿಗೆ, ನಡೀತಾನೆ. ನಮ್ಮ 'ಅಂತ' ಕೊನೆಗೆ ಬರುತ್ತೆ, ಅವರ 'ದಾತ್' ಮೊದಲು ಬರುತ್ತೆ, 'ಗೆ' ಪ್ರತ್ಯಯದ ಕೆಲಸಕ್ಕೆ 'ನಾರ್' ಮುಂದೆ ನಿಂತಿದೆ. ಮಿಕ್ಕಿದ್ದೆಲ್ಲ ನಮ್ಮದೇ ಸಾಲು.

ಎರಡನೇ ಸಾಲು: ದಾತ್ ಕಿತ್ತು ಹಾಕಿ, ಲೋಪ್ತ್ ಅನ್ನು ಎತ್ತಿ ಎರಡನೇ ಜಾಗಕ್ಕೆ ಹಾಕಿ. ಹೈ ಲೋಪ್ತ್ ಎಲ್ಕ ದಾಖ್ ನಾರ್ ಕಾನ್ತೋರ್. ಬೇರೆ ಯಾವ ಪದವನ್ನೂ ಮುಟ್ಟಬೇಡಿ. ಮೂರನೇ ಸಾಲು: ಕಾಲವಾಚಕವನ್ನು ಮುಂದೆ ತನ್ನಿ, ಕ್ರಿಯಾಪದ ಎರಡನೇ ಜಾಗ ಬಿಡಲ್ಲ, ಕರ್ತೃ ಅದರ ಹಿಂದೆ ಸರಿಯುತ್ತೆ. ಎಲ್ಕ ದಾಖ್ ಲೋಪ್ತ್ ಹೈ ನಾರ್ ಕಾನ್ತೋರ್. ನಾಲ್ಕನೇ ಸಾಲು ಪೂರ್ಣಭೂತಕ್ಕೆ.

ಈ ಕ್ರಮದ ದೊಡ್ಡ ಲಾಭ 'ನೀತ್' (ಇಲ್ಲ) ಎಲ್ಲಿಡಬೇಕು ಅನ್ನೋ ತಲೆನೋವು ಹೋಗೋದು. ದಾತ್ ಇಕ್ ವಾಂದಾಖ್ ನೀತ್ ಲೋಪ್: ನಾನು ಇವತ್ತು ನಡೆಯಲ್ಲ ಅಂತ. ಎಳೆಯಿರಿ: ಇಕ್ ಲೋಪ್ ವಾಂದಾಖ್ ನೀತ್. ನೀತ್ ಇದ್ದಲ್ಲೇ ಇತ್ತು, ಕ್ರಿಯಾಪದ ಎದ್ದು ಹೋದದ್ದರಿಂದ ಕೊನೆಗೆ ಬಂದ ಹಾಗೆ ಕಾಣುತ್ತೆ. ತರಗತಿಯ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟ ನಿಯಮ, ಮೇಲೆ ಅಪವಾದ. ಇದು ನನ್ನ ಕಲ್ಪನೆಯೂ ಅಲ್ಲ. ಡಚ್ಚಿನ ಒಳಗಿನ ಪದಕ್ರಮ ಕರ್ತೃ-ಕರ್ಮ-ಕ್ರಿಯೆ, ಪ್ರಧಾನ ವಾಕ್ಯದಲ್ಲಿ ಕ್ರಿಯಾಪದ ಜಾಗ ಬದಲಿಸುತ್ತೆ ಅಂತ ಯಾನ್ ಕೋಸ್ಟರ್ ಎಂಬ ಭಾಷಾವಿಜ್ಞಾನಿ 1975ರಲ್ಲೇ ವಾದಿಸಿದ್ದಾರೆ. ಪಾಠಪುಸ್ತಕಗಳು ಇಂಗ್ಲಿಷ್ ಬಲ್ಲವರನ್ನು ನೆನೆದು ಬರೆದವಾದ್ದರಿಂದ ಕನ್ನಡದವರಿಗೆ ಕೈಗೆ ಸಿಕ್ಕಿದ ಈ ಅನುಕೂಲವನ್ನು ಯಾರೂ ಹೇಳಿಕೊಡಲ್ಲ.

ಉಪಸರ್ಗ ಅಂಟಿದ ಕ್ರಿಯಾಪದಗಳಲ್ಲಿ ಈ ವಿಧಾನ ದುಡ್ಡು ವಾಪಸ್ ಕೊಡುತ್ತೆ. ಆಫ್‌ಲೋಪನ್ ಅಂದರೆ ಮುಗಿ. ದಾತ್ ದ ಫಿಲ್ಮ್ ಒಮ್ ತೀನ್ ಊರ್ ಆಫ್‌ಲೋಪ್ತ್: ಸಿನಿಮಾ ಹತ್ತು ಗಂಟೆಗೆ ಮುಗಿಯುತ್ತೆ ಅಂತ. ಕೊನೆಯಲ್ಲಿ ಅದು ಇಡಿಯಾಗಿ, ಒಂದೇ ಪದವಾಗಿ ಕೂತಿದೆ. ಈಗ ಎಳೆಯಿರಿ: ದ ಫಿಲ್ಮ್ ಲೋಪ್ತ್ ಒಮ್ ತೀನ್ ಊರ್ ಆಫ್. ಧಾತು ಮಾತ್ರ ಕೈಗೆ ಬಂತು, ಆಫ್ ಹಳೇ ಜಾಗದಲ್ಲೇ ಉಳೀತು. ಪ್ರಧಾನ ವಾಕ್ಯದಿಂದ ಶುರು ಮಾಡಿದವರು "ಇದು ಯಾಕೆ ಒಡೆದು ಹೋಗುತ್ತೆ" ಅಂತ ಕೇಳ್ತಾರೆ. ಬಾಲದಿಂದ ಶುರು ಮಾಡಿದವರಿಗೆ ಆ ಪ್ರಶ್ನೆಯೇ ಹುಟ್ಟಲ್ಲ.

ಲೋಪನ್ ಕುಟುಂಬದ ಈ ಕೆಳಗಿನವು ಬಾಡಿಗೆ ಮನೆ, ಆಫೀಸು, ರೈಲು ಇರುವ ಯಾರಿಗೂ ತಪ್ಪಿದ್ದಲ್ಲ. ಒಪ್‌ಲೋಪನ್: ಏರು, ತಗುಲಿಸಿಕೊ, ಉಷ್ಣಾಂಶ ಏರುತ್ತೆ, ರೈಲು ತಡ ಹಚ್ಚಿಕೊಳ್ಳುತ್ತೆ, ನಾವು ನೆಗಡಿ ಅಂಟಿಸಿಕೊಳ್ತೀವಿ. ಇನ್‌ಲೋಪನ್: ಹಿಂದುಳಿದದ್ದನ್ನು ಸರಿದೂಗಿಸು, ಹೊಸ ಚಪ್ಪಲಿಯನ್ನು ನಡೆದು ನಡೆದು ಪಳಗಿಸೋದಕ್ಕೂ ಇದೇ. ಔಯ್ತ್‌ಲೋಪನ್: ಮೀಟಿಂಗು ಹೊತ್ತು ಮೀರು, ಆಲೂಗಡ್ಡೆ ಮೊಳಕೆ ಒಡೆ. ವಾಸ್ತ್‌ಲೋಪನ್: ಕಂಪ್ಯೂಟರ್ ಹ್ಯಾಂಗ್ ಆಗು. ಲೇಖ್‌ಲೋಪನ್: ಸೈಕಲ್ ಟೈರು ಗಾಳಿ ಬಿಡು. ವೊಲ್‌ಲೋಪನ್: ನೆಲಮಾಳಿಗೆಗೆ ನೀರು ತುಂಬು. ಓವರ್‌ಲೋಪನ್: ಬಚ್ಚಲ ತೊಟ್ಟಿ ಉಕ್ಕು, ಪಕ್ಷಾಂತರ ಮಾಡು. ಇವೆಲ್ಲದರಲ್ಲೂ ಒತ್ತು ಉಪಸರ್ಗದ ಮೇಲೆ, ಅದಕ್ಕೇ ಒಡೆಯುತ್ತವೆ, ಕೃದಂತದ ಖ ನಡುವೆ ನುಗ್ಗುತ್ತೆ: ಆಫ್‌ಖಲೋಪನ್, ವಾಸ್ತ್‌ಖಲೋಪನ್. ವರ್‌ಲೋಪನ್ (ಅವಧಿ ಮುಗಿ), ಓಂತ್‌ಲೋಪನ್ (ತಪ್ಪಿಸಿಕೊ) ಇವುಗಳಲ್ಲಿ ಒತ್ತು ಧಾತುವಿನ ಮೇಲೆ, ಒಡೆಯಲ್ಲ, ಖ ಕೂಡ ಇಲ್ಲ. ಮೈನ್ ಪಾಸ್‌ಪೋರ್ತ್ ಇಸ್ ವರ್‌ಲೋಪನ್: ನನ್ನ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ದೋರ್‌ಲೋಪನ್ ಮಾತ್ರ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. ದೋರ್ ಮೇಲೆ ಒತ್ತು ಹಾಕಿದರೆ ನಿಲ್ಲದೆ ಮುಂದೆ ನಡೆ, ಕೃದಂತ ದೋರ್‌ಖಲೋಪನ್. ಲೋಪ್ ಮೇಲೆ ಒತ್ತು ಹಾಕಿದರೆ ಒಂದು ಪ್ರಕ್ರಿಯೆಯನ್ನೋ ಶಾಲೆಯನ್ನೋ ಪೂರೈಸು, ಕೃದಂತವೂ ಬರೀ ದೋರ್‌ಲೋಪನ್. ಕಾರ್ಡಿನಲ್ಲಿ ಒತ್ತಿನ ಅಕ್ಷರದ ಕೆಳಗೆ ಗೆರೆ ಎಳೆಯದಿದ್ದರೆ ಈ ಜಾತಿಯ ಕಾರ್ಡೆಲ್ಲ ದಂಡ.

ಸಹಾಯಕ ಕ್ರಿಯಾಪದಕ್ಕೆ ಬರೋಣ, ಹೆಬ್ಬನ್ ಅಥವಾ ಜ಼ೈನ್. ಕನ್ನಡದಲ್ಲಿ ಎಲ್ಲಕ್ಕೂ 'ಇರು' ಒಂದೇ: ನಡೆದಿದ್ದೇನೆ, ತಿಂದಿದ್ದೇನೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ 'ಹ್ಯಾವ್'. ಎರಡೂ ಇಲ್ಲಿ ನಡೆಯಲ್ಲ. ಇಕ್ ಹೆಬ್ ತ್ವೇ ಊರ್ ಖಲೋಪನ್: ಎರಡು ಗಂಟೆ ನಡೆದೆ, ಎಲ್ಲಿಗೂ ತಲುಪಬೇಕಿಲ್ಲ, ಹೆಬ್ಬನ್. ಇಕ್ ಬೆನ್ ನಾರ್ ಹೆತ್ ಸ್ತಾಶೊನ್ ಖಲೋಪನ್: ಸ್ಟೇಷನ್ನಿಗೆ ನಡೆದು ಹೋದೆ, ಜಾಗ ಬದಲಾಯಿತು, ಜ಼ೈನ್. 1909ರಲ್ಲಿ ಶುರುವಾಗಿ ಈಗ ನೈಮೇಖನ್ ಊರಿನಲ್ಲಿ ನಡೆಯುವ ನಾಲ್ಕು ದಿನದ ನಡಿಗೆ, ವೀರ್‌ದಾಖ್ಸ. ದಿನಕ್ಕೆ 30, 40 ಅಥವಾ 50 ಕಿಲೋಮೀಟರ್. ಅಷ್ಟು ದೂರ ನಡೆದರೂ ಹೆಬ್ಬನ್, ಯಾಕಂದರೆ ಅಲ್ಲಿ ನಡಿಗೆಯೇ ಕರ್ಮ: ಇಕ್ ಹೆಬ್ ದ ವೀರ್‌ದಾಖ್ಸ ಖಲೋಪನ್. ಒಂದೇ ಒಪ್‌ಲೋಪನ್ ಎರಡನ್ನೂ ತಗೊಳ್ಳೋದು ನೋಡಿ. ಉಷ್ಣಾಂಶ ಏರಿದರೆ 'ಇಸ್ ಒಪ್‌ಖಲೋಪನ್', ರೈಲು ತಡ ಹಚ್ಚಿಕೊಂಡರೆ 'ಹೇಫ್ತ್ ವರ್‌ತ್ರಾಖಿಂಗ್ ಒಪ್‌ಖಲೋಪನ್'. ಕರ್ಮ ಬಂದರೆ ಸಾಮಾನ್ಯವಾಗಿ ಹೆಬ್ಬನ್. ಸಾಮಾನ್ಯವಾಗಿ ಅಂದೆ. ಯಾರನ್ನೋ ಅಚಾನಕ್ಕಾಗಿ ಎದುರಾದರೆ 'ಇಕ್ ಬೆನ್ ಹಾರ್ ತೇಖನ್ ಹೆತ್ ಲೈಫ್ ಖಲೋಪನ್', ಅಕ್ಷರಶಃ ಅವಳ ಮೈಗೆ ಢಿಕ್ಕಿ ಹೊಡೆದ ಹಾಗೆ ನಡೆದೆ. ಅಲ್ಲಿ ಜ಼ೈನ್. ನನ್ನ ನಿಯಮ: ಒಂಟಿ ಕೃದಂತವನ್ನು ಕಾರ್ಡಿನಲ್ಲಿ ಎಂದೂ ಬರೆಯಬೇಡಿ, ಅದರ ಮುಂದೆ 'ಹೇಫ್ತ್' ಅಥವಾ 'ಇಸ್' ಇರಲೇಬೇಕು. ಹೇಫ್ತ್‌ಗೆ ಒಂದು ಬಣ್ಣ, ಇಸ್‌ಗೆ ಇನ್ನೊಂದು.

ಕನ್ನಡಿಗರಿಗೆ ಬಿಟ್ಟಿ ಸಿಗುವ ಇನ್ನೊಂದು ಐಟಂ ಇದೆ, ಇದನ್ನು ಬಿ1 ಪುಸ್ತಕಗಳಲ್ಲಿ ಮೂಲೆಗೆ ತಳ್ಳಿರುತ್ತಾರೆ. ನಾವು "ಓದ್ತಾ ಕೂತಿದಾನೆ", "ಮಾತಾಡ್ತಾ ನಿಂತಿದಾಳೆ", "ದೂರು ಹೇಳ್ಕೊಂಡು ತಿರುಗ್ತಾನೆ" ಅಂತೀವಲ್ಲ, ಡಚ್ಚರೂ ಹಾಗೇ. ಹೈ ಜ಼ಿತ್ ತ ಲೇಜ಼ನ್. ಜ಼ೈ ಸ್ತಾತ್ ತ ಪ್ರಾತನ್. ಹೈ ಲೋಪ್ತ್ ತ ಕ್ಲಾಖನ್. ಮೂರನೆಯದರಲ್ಲಿರುವ ಲೇವಡಿ ಕೂಡ ನಮ್ಮ 'ತಿರುಗ್ತಾನೆ'ಯಲ್ಲಿರುವಷ್ಟೇ. ಇಂಗ್ಲಿಷ್ ದಾರಿಯಲ್ಲಿ ಬಂದವರು ಇದನ್ನು ಕಷ್ಟಪಟ್ಟು ಕಲಿಯುತ್ತಾರೆ, ನಮಗೆ ತರ್ಜುಮೆ ಸಾಕು. ಎಚ್ಚರ ಬೇಕಾದ್ದು ಪೂರ್ಣಭೂತದಲ್ಲಿ. 'ತ' ಬೀಳುತ್ತೆ, ಖ-ರೂಪವೂ ಬರಲ್ಲ. "ಒಂದು ಗಂಟೆ ಹುಡುಕ್ತಾ ತಿರುಗಿದೆ" ಅನ್ನೋದಕ್ಕೆ 'ಇಕ್ ಹೆಬ್ ಅನ್ ಊರ್ ಲೋಪನ್ ಜ಼ೂಕನ್'. ಖಲೋಪನ್ ಅಂದಿರೋ, ಎದುರಿನವರ ಹುಬ್ಬು ಏರುತ್ತೆ.

ಬರವಣಿಗೆಗೂ ಲೋಪನ್ ಒಂದು ಅಳತೆಗೋಲು. ಡಚ್ ಮಕ್ಕಳೇ ಶಾಲೆಯಲ್ಲಿ ಬಳಸುವ ಉಪಾಯ ಇದು. ಧಾತು ದಕಾರದಲ್ಲಿ ಮುಗಿದಿದ್ದರೆ ಅದರ ಮುಂದೆ ತ ಬರೆಯಬೇಕೋ ಬೇಡವೋ ಕಿವಿಗೆ ಗೊತ್ತಾಗಲ್ಲ, ಕೊನೆಯ ದ ಹೇಗೂ ತ ಆಗಿಯೇ ಕೇಳಿಸುತ್ತೆ. ವಿಂದನ್ (ಅನ್ನಿಸು, ಸಿಗು) ತಗೊಳ್ಳಿ. "ನಿನಗೆ ಇಷ್ಟವಾ" ಅಂತ ಕೇಳುವಾಗಲೂ "ನಿನ್ನ ಅಣ್ಣನಿಗೆ ಇಷ್ಟವಾ" ಅಂತ ಕೇಳುವಾಗಲೂ ಶುರುವಾಗೋದು ಒಂದೇ 'ವಿಂತ್ ಯ' ಶಬ್ದದಿಂದ, ಯಾಕಂದರೆ 'ಯ'ಗೆ ನೀನು, ನಿನ್ನ ಎರಡೂ ಅರ್ಥ. ಆ ಜಾಗದಲ್ಲಿ ಲೋಪನ್ ಇಟ್ಟು ನೋಡಿ. 'ಲೋಪ್ ಯ'ದಲ್ಲಿ ತ ಇಲ್ಲ, ಹಾಗಾಗಿ ಮೊದಲನೆಯದಕ್ಕೆ ದ ಮಾತ್ರ. 'ಲೋಪ್ತ್ ಯ ಬ್ರೂರ್'ನಲ್ಲಿ ತ ಇದೆ, ಹಾಗಾಗಿ ಎರಡನೆಯದಕ್ಕೆ ದ, ತ ಎರಡೂ. ಈ ತಪ್ಪನ್ನು ಡಚ್ಚರೂ ಇಮೇಲಿನಲ್ಲಿ ಧಾರಾಳವಾಗಿ ಮಾಡ್ತಾರೆ. ನಾವು ಸರಿಯಾಗಿ ಬರೆದರೆ ಸಣ್ಣ ಸಂತೋಷ.

ಮೂಲದ ಕಡೆಗೆ. ಜರ್ಮಾನಿಕ್ ಭಾಷೆಗಳ ಮೂಲರೂಪ ಹ್ಲೌಪನ್ ಅಂತ ಪುನಾರಚಿಸಿದ್ದಾರೆ. ಜರ್ಮನ್ ಲೌಫನ್, ಸ್ವೀಡಿಷ್ ಲೋಪ, ಇಂಗ್ಲಿಷ್ ಲೀಪ್ (ನೆಗೆ) ಇವೆಲ್ಲ ಒಂದೇ ಬೇರಿನವು. ಹಳೇ ಡಚ್ಚಿನಲ್ಲಿ ಓಡು ಅನ್ನೋದೇ ಅರ್ಥ. ಉತ್ತರದಲ್ಲಿ ಅದು ನಿಧಾನವಾಗಿ ನಡಿಗೆಗೆ ಇಳಿಯಿತು, ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಇವತ್ತಿಗೂ ಲೋಪನ್ ಅಂದರೆ ಓಟವೇ, ನಡೆಯೋದಕ್ಕೆ ಅವರು ಸ್ತಾಪನ್ ಅಂತಾರೆ. ಆಂಟ್ವರ್ಪ್‌ನಲ್ಲಿ "ಸ್ಟೇಷನ್ನಿಗೆ ಲೋಪನ್ ಮಾಡಿ" ಅಂದರೆ ರೈಲು ಹೊರಡ್ತಾ ಇದೆ ಅಂತಲೇ ಅರ್ಥ ಮಾಡ್ಕೊಳ್ಳಿ. ನೆದರ್ಲೆಂಡ್ಸ್‌ನಲ್ಲೂ ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಮ್ಯಾರಥಾನ್ ಲೋಪನ್ ಮಾಡೋದು ಓಡಿಯೇ. ವೆದ್‌ಲೋಪ್ ಅಂದರೆ ಓಟದ ಸ್ಪರ್ಧೆ. ವೃತ್ತಿಜೀವನಕ್ಕೆ ಲೋಪ್‌ಬಾನ್, ಅಂದರೆ ಓಟದ ದಾರಿ. ಗಾಸಿಪ್ಪು ಹಬ್ಬೋದು 'ಲೋಪನ್ದ್ ವ್ಯೂರ್‌ತ್ಯ' ಥರ, ಓಡುವ ಕಿಚ್ಚು. ದಿನನಿತ್ಯದ ಓಟಕ್ಕೆ ಹಾರ್ದ್‌ಲೋಪನ್ ಅಥವಾ ರೆನನ್. 'ಹಾರ್ದ್‌ಲೋಪರ್ಸ್ ಜ಼ೈನ್ ದೋದ್‌ಲೋಪರ್ಸ್' ಅನ್ನೋ ಗಾದೆಯೂ ಇದೆ, ಜೋರಾಗಿ ಓಡಿದವನು ಬೇಗ ಸುಸ್ತಾಗಿ ಬೀಳ್ತಾನೆ.

ಲೀಪ್‌ನ 'ಈ' ಎಲ್ಲಿಂದ ಬಂತು ಅಂತ ಕೆದಕಿದರೆ ಸಂಸ್ಕೃತ ಓದಿದವರಿಗೆ ಹಬ್ಬ. ಲೋಪನ್ ಇರುವ ಗುಂಪಿನ ಕ್ರಿಯಾಪದಗಳು ಭೂತಕಾಲದಲ್ಲಿ ಮೊದಲ ಅಕ್ಷರವನ್ನು ದ್ವಿರುಕ್ತಿ ಮಾಡುತ್ತಿದ್ದವು. ನಾಲ್ಕನೇ ಶತಮಾನದ ಗೋಥಿಕ್ (ಜರ್ಮಾನಿಕ್ ಬಳಗದ ಹಳೇ ಭಾಷೆ) ಬೈಬಲ್ಲಿನಲ್ಲಿ ಅದು ಉಳಿದಿದೆ: ಲೇತನ್ (ಬಿಡು) ಭೂತದಲ್ಲಿ ಲೆಲೋತ್. ಸಂಸ್ಕೃತದ ಲಿಟ್ ಲಕಾರದ (ಪರೋಕ್ಷ ಭೂತ) ಜಗಾಮ, ಚಕಾರಗಳ ಕುಲವೇ. ಡಚ್ಚಿನಲ್ಲಿ ಆ ದ್ವಿರುಕ್ತಿ ಹೋಗಿ ಅದರ ಜಾಗದಲ್ಲಿ ಸ್ವರ ಬದಲಾವಣೆ ನಿಂತಿದೆ: ಲಾತನ್, ಲೀತ್. ಇದನ್ನು ತಿಳಿದರೆ ಪರೀಕ್ಷೆಯಲ್ಲಿ ಅಂಕ ಬರಲ್ಲ, ಆದರೆ 'ಅನಿಯಮಿತ' ಅಂತ ಪುಸ್ತಕ ಹಣೆಪಟ್ಟಿ ಹಚ್ಚಿದ ಹತ್ತು ಕ್ರಿಯಾಪದ ಒಂದೇ ಮನೆಯವಾಗಿ ಕಾಣುತ್ತವೆ. ಇದಕ್ಕೆಲ್ಲ ಕಾಸು ಬೇಡ. 1864ರಲ್ಲಿ ಮೊದಲ ಕಂತು ಬಂದು 1998ರಲ್ಲಿ ಮುಗಿದ ವೂರ್ದನ್‌ಬೂಕ್ ದರ್ ನೇದರ್ಲಾಂದ್ಸ್ಖ ತಾಲ್ ಅನ್ನೋ ಮಹಾನಿಘಂಟು ಅಂತರ್ಜಾಲದಲ್ಲಿ ಉಚಿತ. ವ್ಯುತ್ಪತ್ತಿ ನಿಘಂಟುಗಳನ್ನು ಒಟ್ಟು ಹಾಕಿದ ಜಾಲತಾಣವೂ ಉಚಿತ.

ಪಕ್ಕದಲ್ಲಿ ಒಂದು ಪ್ರಯೋಗ: ಆಫ್ರಿಕಾನ್ಸ್ ನೋಡಿದೆ. ದಕ್ಷಿಣ ಆಫ್ರಿಕಾದಲ್ಲಿ ಬೆಳೆದ ಡಚ್ಚಿನ ಮಗಳು. ಅಲ್ಲಿ ಎಲ್ಲ ಪುರುಷಕ್ಕೂ 'ಲೋಪ್' ಒಂದೇ, ಭೂತಕ್ಕೆ 'ಹೆತ್ ಖಲೋಪ್', ಲೀಪ್ ಮಾಯ, ಹೆಬ್ಬನ್–ಜ಼ೈನ್ ಜಗಳವೂ ಮಾಯ. ಕೃದಂತ ಮೊದಲು ಕಲಿಯೋಣ, ಲೀಪ್ ಆಮೇಲೆ ಅನ್ನೋ ಧೈರ್ಯ ಬಂದದ್ದು ಇಲ್ಲಿಂದ. ಡಚ್ಚರೂ ಮಾತಿನಲ್ಲಿ ನಿನ್ನೆ ಮೊನ್ನೆಯದನ್ನು ಹೇಳೋಕೆ ಬಹಳಷ್ಟು ಸಲ ಪೂರ್ಣಭೂತವನ್ನೇ ಬಳಸುತ್ತಾರೆ. ಲೀಪ್ ಬೇಕಾಗೋದು ಕಥೆ ಹೇಳುವಾಗ, ಹಿನ್ನೆಲೆ ಕಟ್ಟುವಾಗ.

ಕೆಲಸ ಮಾಡದ ದಾರಿಗಳು ಮತ್ತು ಅವುಗಳ ಬೆಲೆ. ಸಂಜೆ ತರಗತಿ, ಹತ್ತು ಹನ್ನೆರಡು ವಾರಕ್ಕೆ ನೆನಪಿನ ಪ್ರಕಾರ 400ರಿಂದ 600 ಯೂರೋ. ಒಂದು ತರಗತಿಯಲ್ಲಿ ಹದಿನೈದು ಜನ, ಒಬ್ಬೊಬ್ಬರ ಬಾಯಿ ತೆರೆಯೋದು ಮೂರೋ ನಾಲ್ಕೋ ನಿಮಿಷ. ಕ್ರಿಯಾಪದದ ಪಟ್ಟಿ ಮನೆಪಾಠ, ಅಕಾರಾದಿಯಲ್ಲಿ. ಆನ್‌ಲೈನ್ ಒಬ್ಬರೇ ಶಿಕ್ಷಕರು ಗಂಟೆಗೆ 20–30 ಯೂರೋ. ಇದು ಲಾಭದ್ದು, ಆದರೆ ನೀವೇ ವಾಕ್ಯ ತಯಾರಿಸಿಕೊಂಡು ಹೋದರೆ ಮಾತ್ರ. ಬರಿಗೈಲಿ ಹೋದರೆ ಹವಾಮಾನದ ಮಾತಾಡಿ ದುಡ್ಡು ಕೊಟ್ಟು ಬರ್ತೀರಿ. ಫೋನಿನ ಆಟದಂಥ ಆ್ಯಪ್‌ಗಳ ವಾರ್ಷಿಕ ಚಂದಾ ನೀರಿಗೆ ಹಾಕಿದ ಹೋಮ, ಅಲ್ಲಿ ವಾಕ್ಯಗಳು ಇಂಗ್ಲಿಷಿನಿಂದ ಬರುತ್ತವೆ. ಆಂಕಿ (ಕಾರ್ಡು ತೋರಿಸಿ ನೆನಪು ಮಾಡಿಸುವ ತಂತ್ರಾಂಶ) ಕಂಪ್ಯೂಟರ್, ಆಂಡ್ರಾಯ್ಡ್ ಎರಡರಲ್ಲೂ ಪುಕ್ಕಟೆ, ಐಫೋನಿನಲ್ಲಿ ಒಂದೇ ಸಲ ಇಪ್ಪತ್ತೈದು ಡಾಲರ್ ಆಸುಪಾಸು. ಗ್ರಂಥಾಲಯಗಳ ತಾಲ್‌ಕಫೇಯಲ್ಲಿ (ಡಚ್ ಮಾತಾಡಿ ಅಭ್ಯಾಸ ಮಾಡುವ ಕೂಟ) ಸಾಮಾನ್ಯವಾಗಿ ಬಿಟ್ಟಿ ಮಾತು, ಜೊತೆಗೆ ಕಾಫಿ. ವ್ಯಾಕರಣದ ಹಳೇ ಪುಸ್ತಕ ಬೇಕಿದ್ದರೆ ಕ್ರಿಂಗ್‌ಲೋಪ್ ಅಂಗಡಿಗೆ ಹೋಗಿ, ಒಂದೆರಡು ಯೂರೋಗೆ ಸಿಗುತ್ತೆ. ಸೆಕೆಂಡ್ ಹ್ಯಾಂಡ್ ಅಂಗಡಿಯ ಹೆಸರಿನಲ್ಲೂ ನಮ್ಮ ಲೋಪ್ ಇದ್ದಾನೆ, ಸುತ್ತಿ ಬರುವುದು ಅಂತ. ನಾಗರಿಕತ್ವಕ್ಕಾಗಿ ಕಟ್ಟುವ ಎ2 ಪರೀಕ್ಷೆಯ ಭಾಗಗಳಿಗೆ ನಾನು ನೋಡಿದ ಕಾಲಕ್ಕೆ ಒಟ್ಟು 250 ಯೂರೋ ಹತ್ತಿರ; ಮಾತಿನ ಭಾಗ ಒಂದೇ ಫೇಲಾದರೂ ಮತ್ತೆ 60ರ ಮಾತು. ಆ ಅರುವತ್ತು ಉಳಿಸೋದಕ್ಕಾದರೂ ವಾಕ್ಯದ ಬಾಲ ಗಟ್ಟಿ ಮಾಡ್ಕೊಳ್ಳಿ.

ಮಾತಿನ ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಂದರೂ ಶುರು ಮಾಡಬಹುದಾದ ಏಳೆಂಟು ಅರೆ-ವಾಕ್ಯಗಳು ನನ್ನ ಹತ್ತಿರ ಇವೆ, ಎಲ್ಲವೂ 'ದಾತ್'ನಲ್ಲಿ ಮುಗಿಯುವಂಥವು. ಅವನ್ನು ಇಲ್ಲಿ ಹಾಕಲ್ಲ. ಎಲ್ಲರೂ ಅದನ್ನೇ ಒದರಿದರೆ ಅಂಕ ಹಾಕುವವರಿಗೆ ಬೇಜಾರು. ನಾಲ್ಕನೇ ಸಾಲಿನ ಧ್ವನಿಮುದ್ರಣವನ್ನು ಹೇಗೆ ಕತ್ತರಿಸ್ತೀನಿ ಅನ್ನೋದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಕನ್ನಡದ ಸಾಲು ಎಲ್ಲಿ ಕೈ ಕೊಡುತ್ತೆ ಅನ್ನೋದನ್ನು ಮಾತ್ರ ಮುಚ್ಚಿಡೋಕಾಗಲ್ಲ. ಎರಡು ಕ್ರಿಯಾಪದ ಇದ್ದಾಗ ತೊಂದರೆ ಇಲ್ಲ. 'ದಾತ್ ಇಕ್ ಖಲೋಪನ್ ಹೆಬ್' ನಮ್ಮ 'ನಡೆದು–ಇದ್ದೇನೆ' ಕ್ರಮ, ಇದಕ್ಕೆ ಡಚ್ಚರು ಹಸಿರು ಕ್ರಮ ಅಂತಾರೆ. 'ದಾತ್ ಇಕ್ ಹೆಬ್ ಖಲೋಪನ್' ಕೆಂಪು ಕ್ರಮ. ಎರಡೂ ಸರಿ, ಬರವಣಿಗೆಯಲ್ಲಿ ಕೆಂಪು ಹೆಚ್ಚು. ಮೂರು ಸೇರಿದಾಗ ಆಟ ತಿರುಗುತ್ತೆ. "ನಾನು ನಡೆಯಬೇಕಾಗಿತ್ತು" ಅಂದರೆ ನಡೆ, ಬೇಕಾಗಿ, ಇತ್ತು. ಡಚ್ಚಿನಲ್ಲಿ 'ದಾತ್ ಇಕ್ ಹಾದ್ ಮೂತನ್ ಲೋಪನ್': ಇತ್ತು, ಬೇಕು, ನಡೆ. ಪೂರ್ತಿ ಕನ್ನಡಿಯೊಳಗಿನ ಬಿಂಬ. ಇಲ್ಲೂ ಖ-ರೂಪ ಇಲ್ಲ, ಈ ಜಾಗದಲ್ಲಿ 'ಖಮೂತನ್' ಹಾಕಬೇಡಿ. ಇದಕ್ಕೆ ನಾನು ಮಾಡಿದ್ದು ಇಷ್ಟು: ಕನ್ನಡ ವಾಕ್ಯದ ಕ್ರಿಯಾಗುಚ್ಛವನ್ನು ಚೌಕದೊಳಗೆ ಬರೆದು, ಬಲದಿಂದ ಎಡಕ್ಕೆ ಓದೋದು. ಚೌಕದ ಹೊರಗಿನದು ಎಂದಿನಂತೆ ಎಡದಿಂದ ಬಲಕ್ಕೆ. ಪ್ರಧಾನ ವಾಕ್ಯಕ್ಕೆ ಎಳೆಯುವಾಗ ಚೌಕದ ಬಲತುದಿಯದನ್ನು, ಅಂದರೆ 'ಇತ್ತು'ವನ್ನು ಮಾತ್ರ ಎಳೆಯಬೇಕು: ಇಕ್ ಹಾದ್ ಮೂತನ್ ಲೋಪನ್. ನಡುವೆ ಬೇರೆ ಪದ ಇಲ್ಲದ್ದರಿಂದ ಇದು ಮೊದಲಿನ ಸಾಲಿನ ಹಾಗೇ ಕಾಣುತ್ತೆ. ನಡುವೆ 'ಖಿಸ್ತರನ್ ನಾರ್ ಹೌಯ್ಸ್' (ನಿನ್ನೆ ಮನೆಗೆ) ತುರುಕಿ ಬರೆದರೆ ಎಳೆತ ಕಣ್ಣಿಗೆ ಬೀಳುತ್ತೆ.

ಲೋಪನ್ ಮುಗಿದ ಮೇಲೆ ಮುಂದಿನದ್ದಾಗಿ ಹೌದನ್ ತಗೊಳ್ಳಿ, ಸ್ವರದ ಸೂತ್ರ ಅದೇ, ಉಪಸರ್ಗಗಳೂ ಬಹಳ. ಆಮೇಲೆ ವಾಲನ್, ಉಪಸರ್ಗ ಇಲ್ಲದಾಗ ಅದಕ್ಕೆ ಜ಼ೈನ್, ತಲೆಬಿಸಿ ಇಲ್ಲ. ನೇಮನ್ (ತಗೊ) ಮೂರನೆಯದು: ಏಕವಚನ ನಾಮ್ (ಕನ್ನಡದಲ್ಲಿ ದೀರ್ಘ ಬರೆದರೂ) ಹ್ರಸ್ವ, ಬಹುವಚನ ನಾಮನ್ ದೀರ್ಘ, ಕಾರ್ಡಿನಲ್ಲಿ ಎರಡನ್ನೂ ಬರೆಯಿರಿ, ಏಕವಚನವೊಂದನ್ನೇ ಬರೆದರೆ ಸಾಲದು. ಕೋಮನ್ (ಬಾ) ಅನ್ನು ನಾಲ್ಕನೆಯದಕ್ಕೆ ಇಟ್ಟುಕೊಳ್ಳಿ. ವರ್ತಮಾನದ ಏಕವಚನದಲ್ಲಿ ಇಕ್ ಕೊಮ್ ಅಂತ ಹ್ರಸ್ವ ಬರುತ್ತೆ, ಲೋಪ್ ನೋಡಿ ಅಭ್ಯಾಸವಾದವರು ಕೋಮ್ ಅಂತ ಎಳೆದುಬಿಡ್ತಾರೆ.